ಕಾಪಿ ಕಂಡರಾಗದ ಅಶ್ವತ್ಥಪ್ಪನವರು

ಕಂಪ್ಯೂಟರಿಗೆ ಪರದೆ ಹಾಕಿಸಿದ ಮನುಷ್ಯರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ನೋಡಿದ್ದೇನೆ. ಕಿಟಕಿಗಲ್ಲ, ಬಾಗಿಲಿಗಲ್ಲ, ಮಾನಿಟರಿಗೆ. ಮೇಲೊಂದು ಅಲ್ಯೂಮಿನಿಯಂ ಸರಳು, ಸರಳಿಗೆ ಉಂಗುರಗಳು, ಉಂಗುರಗಳಿಗೆ ನೇಯುವಾಗ ಕೆಟ್ಟುಹೋದ ಹಸಿರು ಸೀರೆಯ ಒಂದು ತುಂಡು. ಮೆಟ್ಟಿಲ ಹತ್ತಿರ ಯಾರಾದರೂ ಚಪ್ಪಲಿ ಬಿಡುವ ಸದ್ದಾದರೆ ಸಾಕು, ಅಶ್ವತ್ಥಪ್ಪನವರು ಸರ್ರನೆ ಪರದೆ ಎಳೆದು ಕೈಕಟ್ಟಿ ಕೂತುಬಿಡುತ್ತಿದ್ದರು, ಗರ್ಭಗುಡಿಯಲ್ಲಿ ನೈವೇದ್ಯ ನಡೆಯುತ್ತಿದೆಯೇನೋ ಎಂಬಂತೆ. ಬಂದವರು ಕೊರಿಯರಿನವರಾಗಲಿ, ಕರೆಂಟ್ ಬಿಲ್ಲಿನವರಾಗಲಿ, ಊಟದ ಡಬ್ಬಿ ತಂದ ಸ್ವಂತ ಹೆಂಡತಿಯೇ ಆಗಲಿ, ಪರದೆ ಮಾತ್ರ ತೆರೆಯುತ್ತಿರಲಿಲ್ಲ.

ದೊಡ್ಡಬಳ್ಳಾಪುರದ ಆ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಅಂಗಡಿ ಎಂದರೆ ಸೀರೆ ಮಾರುವ ಅಂಗಡಿಯಲ್ಲ, ಸೀರೆಗೆ ಚಿತ್ರ ಬರೆಯುವ ಅಂಗಡಿ. ನಮ್ಮ ಊರಿನ ಮಗ್ಗಗಳಲ್ಲಿ ನೇಯುವ ಸೀರೆಯ ಅಂಚು, ಸೆರಗು, ಮೈಮೇಲಿನ ಬುಟ್ಟಾ ಎಲ್ಲವನ್ನೂ ಮೊದಲು ಯಾರಾದರೂ ಚೌಕ ಚೌಕವಾಗಿ ಬರೆದುಕೊಡಬೇಕು. ಹಿಂದೆ ಗ್ರಾಫ್ ಕಾಗದದ ಮೇಲೆ ಬರೆದು, ರಟ್ಟಿನ ಕಾರ್ಡಿಗೆ ತೂತು ಹೊಡೆದು ಮಗ್ಗದ ನೆತ್ತಿಗೆ ಕಟ್ಟುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಬರೆದು, ಪೆನ್ ಡ್ರೈವಿನಲ್ಲಿ ಫೈಲು ಒಯ್ದು, ಮಗ್ಗದ ಮೇಲಿನ ಡಬ್ಬಿಗೆ ಚುಚ್ಚಿದರೆ ಮುಗಿಯಿತು, ಹೂವು ತಾನಾಗಿ ಬೀಳುತ್ತದೆ. ಹಾಗಾಗಿ ಫೈಲು ಯಾರ ಕೈಲಿದೆಯೋ ಸೀರೆ ಅವರದು. ಊರಲ್ಲಿ ನೇಯುವುದು ಮುಖ್ಯ ಕಸುಬಾದರೆ ಇನ್ನೊಬ್ಬರ ಫೈಲು ಹೊಡೆಯುವುದು ಉಪಕಸುಬು. ಅದಕ್ಕೆ ಯಾರೂ ನಾಚಿಕೊಂಡಿದ್ದನ್ನು ನಾನು ಕಾಣೆ.

ಅಶ್ವತ್ಥಪ್ಪನವರು ಈ ಉಪಕಸುಬಿನ ಮೇಲೆ ಒಬ್ಬರೇ ಯುದ್ಧ ಹೂಡಿದ್ದರು. ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಶರಟು, ಜೇಬಿನಲ್ಲಿ ಯಾವ ಉಪಯೋಗಕ್ಕೂ ಬಾರದ ಎರಡು ಪೆನ್ಸಿಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಹೂವನ್ನು ಕನ್ನಡಕದ ಒಳಗಿಂದ ನೋಡುತ್ತಿದ್ದರು, ಮನುಷ್ಯರನ್ನು ಕನ್ನಡಕದ ಮೇಲಿಂದ. ಎರಡು ನೋಟಕ್ಕೂ ಅಜಗಜಾಂತರ. ಯಾರಿಗೂ ಫೈಲು ಕೊಡುತ್ತಿರಲಿಲ್ಲ. ತಾವೇ ಪೆನ್ ಡ್ರೈವನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಮಗ್ಗದ ಮನೆಗೆ ಹೋಗಿ, ತಾವೇ ಚುಚ್ಚಿ, ಹೂವು ಸರಿಯಾಗಿ ಬೀಳುವವರೆಗೆ ಕಾದು ಕೂತು, ಕಿತ್ತುಕೊಂಡು ಬರುತ್ತಿದ್ದರು. ನನ್ನ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕುವ ಕಿಂಡಿಗಳಿಗೆಲ್ಲ, ನಲ್ಲಿ ಸೋರಿದಾಗ ಹಚ್ಚುವ ಗಟ್ಟಿ ಅಂಟನ್ನು ಮೆತ್ತಿದ್ದರು. ಮೊದಲ ದಿನ ಅದನ್ನು ನೋಡಿ ನನಗೆ ಅವಮಾನವಾಯಿತು. ಎರಡನೇ ದಿನ ಕೆಲಸ ಬಿಡುತ್ತೇನೆಂದು ಅಮ್ಮನಿಗೆ ಹೇಳಿದೆ. ಹನ್ನೊಂದು ವರ್ಷವೂ ಹಾಗೇ ಹೇಳುತ್ತಿದ್ದೆ.

ಪಕ್ಕದ ಬೀದಿಯ ಮುನಿರಾಜು ಎಂಬ ಮಗ್ಗದ ಮಾಲೀಕ ಒಮ್ಮೆ ಎಲ್ಲಿಂದಲೋ ಒಂದು ಸೀರೆ ತಂದು ಮೇಜಿನ ಮೇಲೆ ಹರಡಿದ.

"ಸಾರ್, ಇದೇ ಥರ ಒಂದು ಹಾಕ್ಕೊಡಿ. ಅಂಚಲ್ಲಿ ಒಂದೆರಡು ಹೂವು ಆಚೆ ಈಚೆ ಮಾಡಿದ್ರೆ ಸಾಕು."

ಅಶ್ವತ್ಥಪ್ಪನವರು ಸೀರೆಯನ್ನು ಮುಟ್ಟಲೂ ಇಲ್ಲ. ಪೆನ್ಸಿಲಿನ ತುದಿಯಿಂದ ಅದರ ಸೆರಗನ್ನು ಎತ್ತಿ ಹಿಂದಕ್ಕೆ ತಳ್ಳಿದರು.

"ಆಚೆ ಈಚೆ ಮಾಡ್ಬಿಟ್ರೆ ನಿನ್ದಾಗ್ಬಿಡುತ್ತೇನೋ? ಪಕ್ಕದ ಮನೆ ಮಗೂಗೆ ಮೂಗು ಚುಚ್ಚಿಸ್ಬಿಟ್ಟು ನನ್ ಮಗಳು ಅಂತೀಯಾ?"

"ಎಲ್ರೂ ಮಾಡೋದೇ ಅಲ್ವಾ ಸಾರ್..."

"ಎಲ್ರೂ ಮಾಡ್ಲಿ. ನಕಲು ಮಾಡೋನು ನೇಕಾರ ಅಲ್ಲ ಕಣೋ, ಜೆರಾಕ್ಸ್ ಅಂಗಡಿಯೋನು. ಹೋಗು, ಬಸ್ ಸ್ಟ್ಯಾಂಡ್ ಹತ್ರ ಒಂದು ಮಿಷನ್ ಇಟ್ಕೋ, ಆಧಾರ್ ಕಾರ್ಡಿಗೆ ಒಳ್ಳೇ ಗಿರಾಕಿ."

ಮುನಿರಾಜು ಸೀರೆ ಮಡಚಿಕೊಂಡು ನಗುತ್ತಲೇ ಹೋದ. ಅವನಂಥವರಿಗೆ ಬೈಗುಳ ಮೈಗೆ ಅಂಟುವುದಿಲ್ಲ.

ನಮ್ಮೂರಿನ ಹತ್ತಿರದ ವಿಜಯಪುರದಲ್ಲಿ ಅವರ ಹೆಂಡತಿ ಸರೋಜಮ್ಮನವರ ಕಡೆಯ ಒಂದು ಮದುವೆಗೆ ನನ್ನನ್ನೂ ಕರೆದಿದ್ದರು. ಊಟದ ಸಾಲಿನಲ್ಲಿ ಅಶ್ವತ್ಥಪ್ಪನವರು ಕಾಣಲಿಲ್ಲ. ನೋಡಿದರೆ, ಮಂಟಪದ ಹತ್ತಿರ ಯಾರೋ ಹೆಂಗಸಿನ ಬೆನ್ನಿಗೆ ಬಿದ್ದು, ಬಗ್ಗಿ ಬಗ್ಗಿ ಆಕೆಯ ಸೆರಗನ್ನು ದಿಟ್ಟಿಸುತ್ತಿದ್ದಾರೆ. ಆಕೆ ಎಡಕ್ಕೆ ಹೋದರೆ ಇವರೂ ಎಡಕ್ಕೆ. ಕೊನೆಗೆ ತಡೆಯಲಾರದೆ, "ಅಮ್ಮಾ, ಈ ಸೀರೆ ಯಾವ ಅಂಗಡೀಲಿ ತಗೊಂಡ್ರಿ?" ಎಂದುಬಿಟ್ಟರು. ಆಕೆಯ ಗಂಡ ಬಂದ. ಗಂಡನ ತಮ್ಮನೂ ಬಂದ. ಸರೋಜಮ್ಮ ಎಲೆಯ ಮುಂದಿನಿಂದ ಎಂಜಲು ಕೈಯಲ್ಲೇ ಎದ್ದು ಓಡಿದರು.

"ಇವ್ರು ನಿಮ್ಮೋರ್ನ ನೋಡ್ತಿರ್ಲಿಲ್ಲ ಕಣ್ರೀ, ಸೀರೆ ನೋಡ್ತಿದ್ರು. ಮನೇಲಿ ನನ್ನನ್ನೂ ಹಂಗೇ. ಮೂವತ್ತು ವರ್ಷದಿಂದ ಮುಖ ನೋಡಿಲ್ಲ, ಅಂಚೇ ನೋಡೋದು."

ಎಲ್ಲರೂ ನಕ್ಕರು. ಅಶ್ವತ್ಥಪ್ಪನವರು ಮಾತ್ರ ನಗಲಿಲ್ಲ. ಆ ಸೆರಗಿನ ನವಿಲು ಅವರದಾಗಿತ್ತು, ಅದರ ಕುತ್ತಿಗೆಯನ್ನು ಯಾರೋ ಅರ್ಧ ಇಂಚು ಗಿಡ್ಡ ಮಾಡಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಬಳ್ಳಾಪುರ ಬರುವವರೆಗೂ ಆ ಕುತ್ತಿಗೆಯದೇ ಮಾತು. ಕದ್ದದ್ದಕ್ಕಿಂತ ಗಿಡ್ಡ ಮಾಡಿದ್ದು ಅವರಿಗೆ ಹೆಚ್ಚು ನೋವಾಗಿತ್ತು.

ಇಷ್ಟೆಲ್ಲ ಕಣ್ಣಿದ್ದ ಮನುಷ್ಯನ ಬಾಯಲ್ಲಿ ನನ್ನ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಬರಲಿಲ್ಲ. ಮೊದಲ ಆರು ತಿಂಗಳು ನಾನು ಬರೀ ಎಲೆಯ ನರ ತುಂಬಿದೆ. ನಂತರ ಎಲೆ. ಹೂವಿಗೆ ಬರುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. "ಇದು ಮಲ್ಲಿಗೇನಾ, ಕಾಲಿಫ್ಲವರಾ?" ಎನ್ನುತ್ತಿದ್ದರು. "ಈ ಬಳ್ಳೀಗೆ ಹುಷಾರಿಲ್ವಾ?" ಎನ್ನುತ್ತಿದ್ದರು. ತೀರ ಮೆಚ್ಚಿದರೆ "ಹೂಂ, ಬಿಡು" ಎಂದು ಪರದೆಯ ಹಿಂದೆ ಮಾಯವಾಗುತ್ತಿದ್ದರು. ಆ "ಹೂಂ, ಬಿಡು"ಗಾಗಿ ನಾನು ಹನ್ನೊಂದು ವರ್ಷ ಕಾದದ್ದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆದರೂ ಕಾದೆ.

ಒಂದು ಬೇಸಿಗೆಯ ಬೆಳಿಗ್ಗೆ, ಕರೆಂಟು ಹೋಗಿ ಬಂದು ಹೋಗಿ ಬಂದು, ಅವರ ಕಂಪ್ಯೂಟರ್ ನೀಲಿ ಬಣ್ಣಕ್ಕೆ ತಿರುಗಿ ನಿಂತುಬಿಟ್ಟಿತು. ಇಪ್ಪತ್ತು ವರ್ಷದ ಡಿಸೈನುಗಳು, ಎರಡು ಸಾವಿರದ ಹತ್ತಿರ, ಎಲ್ಲವೂ ಅದರ ಡಿ ಡ್ರೈವಿನಲ್ಲಿದ್ದವು. ಬೇರೆ ಎಲ್ಲಿಯೂ ಇರಲಿಲ್ಲ. ಹಳೆಯ ಗ್ರಾಫ್ ಕಾಗದಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ, ಕಳ್ಳರ ಕೈಗೆ ಸಿಗಬಾರದೆಂದು ತಾವೇ ಹಿತ್ತಲಲ್ಲಿ ಸುಟ್ಟಿದ್ದರು. ಆ ದಿನ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. ರಿಪೇರಿಯವನು ಸಂಜೆಯ ಹೊತ್ತಿಗೆ ಹಳೆಯ ಡಿಸ್ಕಿನಿಂದ ಎಲ್ಲವನ್ನೂ ಹೇಗೋ ಎತ್ತಿ, ಹೊಸ ತರಹದ ಒಂದು ಡಿಸ್ಕಿಗೆ ಹಾಕಿಕೊಟ್ಟ. ಹೋಗುವಾಗ, "ಸಾರ್, ಬ್ಯಾಕಪ್ ಇಟ್ಕೊಳ್ಳಿ. ಮುಂದಿನ ಸಲ ನನ್ನ ಕೇಳ್ಬೇಡಿ" ಎಂದ. ಕೆಟ್ಟ ಹಳೆಯ ಡಿಸ್ಕನ್ನು ಅಶ್ವತ್ಥಪ್ಪನವರು ಅವನ ಎದುರೇ ಸುತ್ತಿಗೆಯಿಂದ ಜಜ್ಜಿದರು.

ನಾನು ಹೇಳಿದೆ: "ಸಾರ್, ಹೊರಗಡೆ ಇಡೋ ಒಂದು ಡಿಸ್ಕ್ ತಗೊಂಡು ಎಲ್ಲಾ ಕಾಪಿ ಮಾಡಿ ಮನೇಲಿಟ್ಬಿಡಿ."

"ಆ ಮಾತು ಈ ಅಂಗಡೀಲಿ ಆಡ್ಬೇಡ."

"ಇದು ನಿಮ್ದೇ ಕಾಪಿ ಸಾರ್, ನಿಮ್ಮ ಮನೇಲೇ ಇರುತ್ತೆ."

"ಯಾರದ್ದಾದ್ರೇನಮ್ಮಾ? ಒಂದು ಡಿಸೈನು ಎರಡು ಕಡೆ ಇದ್ರೆ ಅದು ಡಿಸೈನಲ್ಲ, ಪಾಂಪ್ಲೆಟ್ಟು."

ರಿಪೇರಿಯವನು ಕ್ಲೌಡ್ ಎಂಬುದನ್ನು ಹಾಕಿಕೊಟ್ಟು ಹೋಗಿದ್ದ. ಅದು ಕಂಪ್ಯೂಟರಿನಲ್ಲಿ ತನ್ನದೇ ಒಂದು ಫೋಲ್ಡರ್ ತೆರೆದುಕೊಂಡು ಕೂರುತ್ತದೆ. ಅದರೊಳಗೆ ಹಾಕಿದ್ದನ್ನು ಇಂಟರ್ನೆಟ್ಟಿನ ಮೂಲಕ ದೂರದಲ್ಲೆಲ್ಲೋ ಒಯ್ದು ಕಾಪಾಡುತ್ತದೆ, ಹೊರಗಿದ್ದದ್ದರ ಗೊಡವೆಗೆ ಹೋಗುವುದಿಲ್ಲ. ನಮ್ಮ ಡಿಸೈನುಗಳೋ ಡಿ ಡ್ರೈವಿನಲ್ಲಿ. ಅಲ್ಲಿಂದ ಕದಲಿಸಿದರೆ ಮಗ್ಗಕ್ಕೆ ಫೈಲು ತಯಾರಿಸುವ ಸಾಫ್ಟ್‌ವೇರಿಗೆ ಕಣ್ಣು ಕಾಣುವುದಿಲ್ಲ. ಎರಡು ಕಡೆ ಇಡೋಣವೆಂದರೆ ಅದು ಕಾಪಿ. ಅಶ್ವತ್ಥಪ್ಪನವರು ಒಂದು ವಾರ ಪರದೆ ಎಳೆದುಕೊಂಡು ಮೊಬೈಲಿನಲ್ಲಿ ವಿಡಿಯೋ ನೋಡಿದರು. ಇಂಗ್ಲಿಷಿನದು, ಹಿಂದಿಯದು, ತಮಿಳಿನದು. ಅರವತ್ತರ ವಯಸ್ಸಿನಲ್ಲಿ ಅವರಿಗೆ ಸಿಕ್ಕಿದ್ದು ಫೋಲ್ಡರ್ ಲಿಂಕ್.

ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದು, ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದ "ಎಂ ಕೆ ಲಿಂಕ್, ಸ್ಪೇಸು, ಓರೆಗೀಟು, ಜೆ" ಎಂಬುದನ್ನು ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದರು. ಕ್ಲೌಡಿನ ಫೋಲ್ಡರಿನೊಳಗೆ "ಡಿಸೈನ್" ಎಂಬ ಹೊಸ ಫೋಲ್ಡರ್ ಎದ್ದು ನಿಂತಿತು. ತೆರೆದರೆ ಎರಡು ಸಾವಿರ ಡಿಸೈನುಗಳೂ ಅದರಲ್ಲಿವೆ. ಆದರೆ ಅವು ಡಿ ಡ್ರೈವಿನಿಂದ ಕದಲಿಯೂ ಇಲ್ಲ, ಎರಡಾಗಿಯೂ ಇಲ್ಲ. ಅವರ ಮುಖದ ಮೇಲೆ ಅಂಥ ಬೆಳಕನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ನೋಡ್ದಾ ಪದ್ಮಾ? ಕಾಪಿ ಇಲ್ಲ. ಇರೋದು ಒಂದೇ ಮನೆ, ಬಾಗ್ಲು ಎರಡು. ಕ್ಲೌಡು ಈ ಬಾಗ್ಲಲ್ಲಿ ನಿಂತ್ಕೊಂಡು ಒಳಗೆ ನೋಡ್ಕೊಳುತ್ತೆ. ನಾವು ಆ ಬಾಗ್ಲಲ್ಲಿ ಕೆಲಸ ಮಾಡ್ಕೊತೀವಿ."

"ಹಂಗಾದ್ರೆ ಮೇಲೆ ಹೋಗಿ ಕೂರೋದೇನು ಸಾರ್?"

"ಅದರ ನೆರಳು ಕಣಮ್ಮ."

ನೆರಳಲ್ಲ, ಕಾಪಿ ಎಂದು ನನಗೆ ಗೊತ್ತಿತ್ತು. ಈ ಕಡೆಯ ಲಿಂಕು ಎರಡನೇ ಬಾಗಿಲೇ ನಿಜ, ಆದರೆ ಆ ಬಾಗಿಲಿಂದ ನೋಡಿಕೊಂಡು ಕ್ಲೌಡು ದೂರದಲ್ಲಿ ಕಟ್ಟುವುದು ಇನ್ನೊಂದು ಪೂರಾ ಮನೆ. ಹೇಳಿದ್ದರೆ ಆ ಕ್ಷಣವೇ ಎಲ್ಲವನ್ನೂ ಕಿತ್ತು ಹಾಕುತ್ತಿದ್ದರು. ಹೇಗೋ ಒಂದು ಬ್ಯಾಕಪ್ ಆಗುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಜಾಣತನ ಎಂದುಕೊಂಡಿದ್ದೆ ಅದನ್ನು.

ಆಮೇಲೆ ಒಂದು ವರ್ಷ ಅವರ ಲಿಂಕ್ ಪುರಾಣವನ್ನು ಇಡೀ ಊರು ಅನುಭವಿಸಿತು. ಟೀ ಅಂಗಡಿಯಲ್ಲಿ ಲೋಟಗಳನ್ನಿಟ್ಟು ಇದು ಡಿ ಡ್ರೈವು, ಇದು ಕ್ಲೌಡು ಎಂದು ಪಾಠ ಮಾಡುತ್ತಿದ್ದರು. ಕೇಳುವವರಿಗೆ ಕಂಪ್ಯೂಟರೇ ಇರುತ್ತಿರಲಿಲ್ಲ. "ಕಾಪಿ ಇಲ್ದೆ ಕಾಪಾಡೋದು" ಎಂಬುದು ಅವರ ಮಂತ್ರವಾಯಿತು. ಜಂಭ ಎಂದರೆ ಜಂಭ. ನನಗೆ ನಗು ಬರುತ್ತಿತ್ತು, ಜೊತೆಗೆ ಸ್ವಲ್ಪ ಭಯವೂ ಆಗುತ್ತಿತ್ತು.

ಒಂದು ಶನಿವಾರ ಅವರು ಹೊಸ ಮೊಬೈಲ್ ಕೊಂಡು ಬಂದರು. ಅದೇ ಖಾತೆಯನ್ನು ಅದಕ್ಕೂ ಹಾಕಿಕೊಂಡರು. ಹನ್ನೊಂದು ಗಂಟೆಯ ಹೊತ್ತಿಗೆ ಪರದೆಯ ಹಿಂದಿನಿಂದ ಪಿಟೀಲಿನ ಸಂಗೀತ ಕೇಳಿಸಿತು. ಅದರ ಹಿಂದೆಯೇ ಕೂಗು.

"ಪದ್ಮಾ! ಯಾರೋ ಹಾಡು ಹಾಕ್ಕೊಂಡು ನನ್ ಡಿಸೈನ್ ನೋಡ್ತಾವ್ರೆ!"

ಓಡಿಹೋದೆ. ಈ ಕ್ಲೌಡಿನವರಿಗೆ ಬೇರೆ ಕೆಲಸವಿಲ್ಲ. ನಮ್ಮ ಚಿತ್ರಗಳನ್ನು ತಾವೇ ಆರಿಸಿ, ಸಂಗೀತ ಸೇರಿಸಿ, "ನಿಮ್ಮ ನೆನಪುಗಳು" ಎಂದು ತೋರಿಸುತ್ತಾರೆ. ಮಕ್ಕಳ ಹುಟ್ಟುಹಬ್ಬದ ಫೋಟೋ ಇದ್ದವರಿಗೆ ಅದು ಚೆನ್ನ. ಅಶ್ವತ್ಥಪ್ಪನವರ ಮೊಬೈಲಿನಲ್ಲಿ ಅವರ ನವಿಲು, ಮಾವಿನಕಾಯಿ, ಗಂಡಭೇರುಂಡಗಳು ಒಂದಾದ ಮೇಲೊಂದು ತೇಲಿ ಬರುತ್ತಿದ್ದವು.

"ಯಾರೂ ನೋಡ್ತಿಲ್ಲ ಸಾರ್, ನೀವೊಬ್ರೇ ನೋಡ್ತಿರೋದು. ಮೇಲಿರೋ ಕಾಪಿಯಿಂದ ಬರ್ತಿದೆ."

ಮಾತು ಜಾರಿತು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಕಾಪಿ ಐತಾ?"

"ಐತೆ ಸಾರ್. ಅದಕ್ಕೇ ತಾನೇ ಬ್ಯಾಕಪ್ ಅನ್ನೋದು."

"ನಿಂಗೆ ಮೊದ್ಲಿಂದ ಗೊತ್ತಿತ್ತು."

ಅವರು ಬೈದಿದ್ದರೆ ಚೆನ್ನಾಗಿತ್ತು. ಮೊಬೈಲನ್ನು ಮಗುಚಿಟ್ಟು, "ಸೋಮವಾರ ಬಾ" ಎಂದು ಮಧ್ಯಾಹ್ನವೇ ಮನೆಗೆ ಕಳಿಸಿದರು. ಏನನ್ನೂ ಮುಟ್ಟಬೇಡಿ, ಸೋಮವಾರ ನಾನೇ ಸರಿಮಾಡುತ್ತೇನೆ ಎಂದು ಎರಡು ಸಲ ಹೇಳಿ ಹೊರಟೆ. ಆ ಮನುಷ್ಯ ಯಾವತ್ತು ಯಾರ ಮಾತು ಕೇಳಿದ್ದರು!

ಭಾನುವಾರ ಸ್ನಾನ ಮಾಡಿ ಒಬ್ಬರೇ ಅಂಗಡಿಗೆ ಬಂದರಂತೆ. ಕಾಪಿಯನ್ನು ನಾಶ ಮಾಡಲೇಬೇಕೆಂದು ಕ್ಲೌಡಿನ ಫೋಲ್ಡರ್ ತೆರೆದು, ಅದರೊಳಗಿನ "ಡಿಸೈನ್" ಫೋಲ್ಡರಿಗೆ ಹೋಗಿ, ಎಲ್ಲವನ್ನೂ ಆಯ್ದು ಡಿಲೀಟ್ ಒತ್ತಿದರು. ಖಚಿತವೇ ಎಂದು ಕಂಪ್ಯೂಟರ್ ಕೇಳಿತು. ಖಚಿತ ಎಂದರು. ಕ್ಲೌಡಿನ ಕಸದ ಬುಟ್ಟಿಯನ್ನು ಖಾಲಿ ಮಾಡಿದರು. ಕಸದಲ್ಲಿದ್ದರೂ ಕಾಪಿ ಕಾಪಿಯೇ ಎಂದು ಕಂಪ್ಯೂಟರಿನ ಬುಟ್ಟಿಯನ್ನೂ ಖಾಲಿ ಮಾಡಿದರು. ಅವರು ಅಳಿಸಿದ್ದು ಕ್ಲೌಡಿನ ಕಾಪಿಯನ್ನಷ್ಟೇ ಅಲ್ಲ. ಅವರು ಹೊಕ್ಕಿದ್ದು ತಾವೇ ಇಟ್ಟ ಎರಡನೇ ಬಾಗಿಲಿನಿಂದ, ಒಳಗಿದ್ದದ್ದು ಅದೇ ಡಿ ಡ್ರೈವಿನ ಮನೆ. ವರ್ಷವಿಡೀ ಊರಿಗೆಲ್ಲ ಲೋಟ ಇಟ್ಟು ಪಾಠ ಹೇಳಿದವರಿಗೆ ಆ ಒಂದು ಗಳಿಗೆ ಅದು ಹೊಳೆಯಲಿಲ್ಲ. ಕಾಪಿಯ ಮೇಲಿನ ಸಿಟ್ಟಿನಲ್ಲಿ ಅಸಲನ್ನು ಗುಡಿಸಿ ಹಾಕಿದರು. ಆಮೇಲೆ ಊದುಬತ್ತಿ ಹಚ್ಚಿ, ಬೀಗ ಹಾಕಿ, ನೆಮ್ಮದಿಯಾಗಿ ಮನೆಗೆ ಹೋದರು.

ಸೋಮವಾರ ನಾನು ಮೆಟ್ಟಿಲು ಹತ್ತಿದಾಗ ಪರದೆ ಎಳೆಯುವ ಸದ್ದಾಗಲಿಲ್ಲ. ಒಳಗೆ ಹೋದರೆ ಅದು ಪೂರ್ತಿ ಪಕ್ಕಕ್ಕೆ ಸರಿದಿತ್ತು. ಮಾನಿಟರಿನಲ್ಲಿ ಡಿ ಡ್ರೈವು ತೆರೆದಿತ್ತು.

"ಪದ್ಮಾ, ಒಸಿ ನೋಡು. ನಂಗೆ ಏನೂ ಕಾಣಿಸ್ತಿಲ್ಲ. ಕನ್ನಡಕ ಬದಲಾಯಿಸ್ಬೇಕು ಅನ್ಸುತ್ತೆ."

ನೋಡಿದೆ. ಕನ್ನಡಕದ ತಪ್ಪಿರಲಿಲ್ಲ. ರಿಪೇರಿಯವನು ಬಂದು, ಈ ಹೊಸ ತರಹದ ಡಿಸ್ಕಿನಲ್ಲಿ ಅಳಿಸಿದ್ದು ಅಳಿಸಿದ್ದೇ, ಜಜ್ಜಿದ ಆ ಹಳೆಯದಾದರೂ ಇದ್ದಿದ್ದರೆ ನೋಡಬಹುದಿತ್ತು ಎಂದ. ಅಶ್ವತ್ಥಪ್ಪನವರು ತಲೆಯಾಡಿಸಿದರು. ಹದಿನೈದು ದಿನ ಬಂದು ಖಾಲಿ ಮಾನಿಟರಿನ ಮುಂದೆ ಕೂತರು. ಹೊಸದೊಂದು ಬರೆಯಿರಿ ಎಂದರೆ ಕೈ ಮೌಸಿನ ಮೇಲಿಡುತ್ತಿದ್ದರು, ಒಂದು ಎಲೆಯ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಆಮೇಲೆ ಅಂಗಡಿ ಮುಚ್ಚಿ, ಸರೋಜಮ್ಮನವರ ಊರಾದ ವಿಜಯಪುರಕ್ಕೆ, ಅವರ ಅಣ್ಣನ ಮನೆಯ ಪಕ್ಕದ ಭಾಗಕ್ಕೆ ಹೋದರು. ನಾನು ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಡಿಸೈನು ಹಾಕತೊಡಗಿದೆ. ಅವರ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು. ಮೂರ್ಖತನಕ್ಕೂ ಒಂದು ಮಿತಿ ಬೇಡವೇ? ಆದರೆ ಶನಿವಾರದ ಆ ಮಾತು ನನ್ನ ಬಾಯಿಂದ ಜಾರಿದ್ದು. ವರ್ಷದ ಹಿಂದೆ ಬಾಯಿ ಮುಚ್ಚಿಕೊಂಡದ್ದೂ ನಾನೇ. ರೊಟ್ಟಿ ತಟ್ಟುತ್ತಿರುವಾಗಲೂ ಇದೇ ನೆನಪಾಗಿ ಕೈ ನಿಲ್ಲುತ್ತಿತ್ತು.

ಕಳ್ಳರ ಹತ್ತಿರ ಹೋಗುವ ಯೋಚನೆ ನನಗೆ ಬಂದದ್ದು ಬಸ್ ಸ್ಟ್ಯಾಂಡಿನಲ್ಲಿ, ಯಾರೋ ಹೆಂಗಸಿನ ಸೀರೆಯ ಮೇಲೆ ಅವರ ಮಾವಿನಕಾಯಿ ಬುಟ್ಟಾ ನೋಡಿದಾಗ. ಮೊದಲು ಮುನಿರಾಜುವಿನ ಮನೆಗೆ ಹೋದೆ.

"ಏನಮ್ಮಾ ಹಿಂಗಂತೀಯ? ನಾವು ಅಂಥೋರಲ್ಲ. ಸಾರ್‌ದು ನಮ್ಮತ್ರ ಏನೈತೆ?"

"ನೀವು ಅಂಥೋರೇ ಅಂತ ನಂಬ್ಕೊಂಡೇ ಬಂದಿದೀನಿ ಅಣ್ಣ. ಇದೊಂದು ಸಲ ಅಂಥೋರಾಗಿರಿ. ಸಾರ್‌ದು ಎಲ್ಲಾ ಹೋಗ್ಬಿಟ್ಟೈತೆ."

ಮುನಿರಾಜು ಮಗ್ಗ ನಿಲ್ಲಿಸಿದ. ಆಮೇಲೆ ಒಳಗೆ ಕರೆದು ಕಂಪ್ಯೂಟರ್ ತೆರೆದ. ಅದರಲ್ಲೊಂದು ಫೋಲ್ಡರ್, ಹೆಸರು "ಅಶ್ವತ್ಥಪ್ಪ ಸಾರ್".

"ಯಾವಾಗ ತಗೊಂಡ್ರಿ ಅಣ್ಣ?"

"ಪೆನ್ ಡ್ರೈವ್ ಚುಚ್ಬಿಟ್ಟು ಕಾಯ್ತಾ ಕೂರ್ತಿದ್ರಲ್ಲ, ಕಾಫಿ ಕೊಡ್ತಿದ್ವಿ. ಸಾರ್ ಬಿಸಿಬಿಸಿ ಕುಡಿಯಲ್ಲ, ಆರಿಸ್ಕೊಂಡು ಕುಡಿಯೋರು. ಅಷ್ಟರಲ್ಲಿ ಆಗೋದು."

ಒಬ್ಬೊಬ್ಬರ ಮನೆಗೂ ಹೋದೆ. ಒಬ್ಬರೂ ಅಂಥವರಲ್ಲ, ಎಲ್ಲರ ಬಳಿಯೂ ಇತ್ತು. ಅಷ್ಟು ವರ್ಷ ಒಳಜೇಬಿನಲ್ಲಿ ಪೆನ್ ಡ್ರೈವ್ ಇಟ್ಟುಕೊಂಡು ಓಡಾಡಿದ್ದೇ ಬಂತು. ಕದ್ದವರು ಸುಮ್ಮನೆ ಕದ್ದಿರಲಿಲ್ಲ, ಹಾಳಾದೀತೆಂದು ಮನೆಯಲ್ಲೊಂದು, ಭಾವಮೈದುನನ ಮನೆಯಲ್ಲೊಂದು ಎಂದು ಎರಡೆರಡು ಕಡೆ ಇಟ್ಟಿದ್ದರು. ನಮ್ಮ ಊರಿನಲ್ಲಿ ಬ್ಯಾಕಪ್ಪನ್ನು ಸರಿಯಾಗಿ ಇಟ್ಟವರು ಕಳ್ಳರು ಮಾತ್ರ. ಮೂರು ತಿಂಗಳು ತಿರುಗಿ ಸುಮಾರು ಆರುನೂರು ಡಿಸೈನು ಒಟ್ಟುಮಾಡಿದೆ. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಂಡು ಒಂದು ಬೆಳಿಗ್ಗೆ ವಿಜಯಪುರದ ಬಸ್ಸು ಹತ್ತಿದೆ.

ಅಶ್ವತ್ಥಪ್ಪನವರು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಬಿಳಿ ಶರಟಿಗೆ ಇಸ್ತ್ರಿ ಇರಲಿಲ್ಲ. ಪಕ್ಕದ ಮನೆಯ ರೇಷ್ಮೆ ಹುರಿ ಮಾಡುವ ಯಂತ್ರದ ಸದ್ದಿಗೆ ಜೋರಾಗಿ ಮಾತಾಡಬೇಕಿತ್ತು. ವಿಷಯ ಹೇಳಿದೆ. ಯಾರು ಯಾರು ಕೊಟ್ಟರು ಎಂದು ಕೇಳಿದರು. ಹೆಸರು ಹೇಳುತ್ತಾ ಹೋದಂತೆ ಅವರ ಮುಖದಲ್ಲಿ ಹಳೆಯ ಕಳೆ ಬಂತು.

"ಎಲ್ರೂ! ಆ ಮುನಿರಾಜೂನೂ ಸೇರಿ! ನಾನೇಳ್ತಿದ್ದೆ ತಾನೇ?"

ಮೊದಲ ಡಿಸೈನು ತೆರೆದೆ. ಮುಖ ಹತ್ತಿರ ತಂದು ನೋಡಿದರು.

"ನಂದು. ಆದ್ರೆ ನಂದಲ್ಲ. ಈ ಬಳ್ಳಿ ನೋಡು, ಸೊಂಟ ಮುರಿದವ್ನೆ."

ಎರಡನೆಯದು. "ನವಿಲಿಗೆ ಕೋಳಿ ಕಾಲು." ಮೂರನೆಯದು. "ಇದ್ನ ಮಾಡಿದೋನು ಹಂಸ ನೋಡಿಲ್ಲ, ಬಾತುಕೋಳೀನೂ ನೋಡಿಲ್ಲ." ಸಿಕ್ಕಿಬೀಳಬಾರದೆಂದು ಕದ್ದವರೆಲ್ಲ ಅಲ್ಲೊಂದು ಇಲ್ಲೊಂದು ಬದಲಿಸಿದ್ದರು. ಅಶ್ವತ್ಥಪ್ಪನವರು ಬದಲಾದ ಒಂದು ಚೌಕವನ್ನೂ ಬಿಡದೆ ಹಿಡಿದರು. "ಕದಿಯೋಕೂ ಯೋಗ್ಯತೆ ಬೇಕು ಕಣಮ್ಮ" ಎನ್ನುತ್ತಾ ಒಂದೊಂದನ್ನೇ ಪಕ್ಕಕ್ಕೆ ತಳ್ಳಿದರು. ಐವತ್ತಾಯಿತು, ಅರವತ್ತಾಯಿತು. ಒಂದನ್ನೂ ಒಪ್ಪಲಿಲ್ಲ. ಮೂರು ತಿಂಗಳು ಕಂಡಕಂಡವರ ಮನೆ ಬಾಗಿಲಲ್ಲಿ ನಿಂತವಳು ನಾನು. ತಡೆಯಲಾಗಲಿಲ್ಲ.

"ಸಾರ್, ಇರೋದಿಷ್ಟೇ. ನೀವು ಅಳಿಸ್ಹಾಕಿದ್ದು, ಅವ್ರು ಇಟ್ಕೊಂಡಿದ್ದು. ಬೇಕಾದ್ರೆ ಇಟ್ಕೊಳ್ಳಿ, ಬೇಡ್ದಿದ್ರೆ ಹೇಳಿ, ಹೊರಡ್ತೀನಿ."

ಅವರೆದುರು ನಾನು ದನಿಯೆತ್ತಿದ್ದು ಅದೇ ಮೊದಲು. ಸರೋಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಅಶ್ವತ್ಥಪ್ಪನವರು ತಲೆ ತಗ್ಗಿಸಿ, ತಾವೇ ಬೆರಳಿಟ್ಟು ಮುಂದಿನದಕ್ಕೆ ಹೋದರು.

ಲ್ಯಾಪ್‌ಟಾಪಿನಲ್ಲಿ ಹುಣಸೆ ಹೂವಿನ ಸಣ್ಣ ಅಂಚೊಂದು ಬಂತು. ಅದು ಅವರದಲ್ಲ, ನನ್ನದು. ಅವರ ಅಂಗಡಿಯಲ್ಲಿದ್ದಾಗಲೇ, ಅವರಿಗೆ ಹೇಳದೆ, ನನ್ನ ತಮ್ಮನ ಎರಡು ಮಗ್ಗಕ್ಕೆಂದು ಮನೆಯಲ್ಲಿ ಕೂತು ಬರೆದದ್ದು. ಯಾವ ಪುಣ್ಯಾತ್ಮ ಅದನ್ನೂ ಹೊಡೆದು "ಅಶ್ವತ್ಥಪ್ಪ ಸಾರ್" ಫೋಲ್ಡರಿಗೆ ಸೇರಿಸಿದ್ದನೋ, ಆರುನೂರರ ನಡುವೆ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಸರಿಸಿಬಿಡೋಣವೆಂದು ಕೈ ಚಾಚಿದೆ. ಅವರು ನನ್ನ ಕೈಯನ್ನು ತಡೆದರು.

ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಅಂಚಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳು ಓಡಿಸಿದರು.

"ಇದು. ಇದನ್ನ ಕೆಡಿಸಿಲ್ಲ."

ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ನೋಡು, ಎಸಳು ಒಂದರ ಮೇಲೊಂದು ಬಿದ್ರೂ ಭಾರ ಇಲ್ಲ. ಗಾಳಿ ಬಂದ್ರೆ ಅಲ್ಲಾಡ್ಬೇಕು, ಹಂಗೈತೆ. ಹಿಂಗೆ ಬರೀಬೇಕು ಅಂತ ಹನ್ನೊಂದು ವರ್ಷ ನಿಂಗೆ ಬಡ್ಕೊಂಡೆ. ನಿನ್ ಕೈಗೆ ಹತ್ತಲಿಲ್ಲ." ಅವರ ಕಣ್ಣಲ್ಲಿ ನೀರಿತ್ತು. "ಇದು ನಂದು ಪದ್ಮಾ. ಯಾವಾಗ ಬರೆದ್ನೋ ನೆನಪಿಲ್ಲ. ಕೈ ಚೆನ್ನಾಗಿದ್ದಾಗ ಬರೆದಿರ್ಬೇಕು. ಇದೊಂದು ಉಳೀತಲ್ಲ, ಸಾಕು ಬಿಡು."

ಊರವರನ್ನೆಲ್ಲ ಕಳ್ಳರೆಂದು ಬೈದ ಮನುಷ್ಯ ನನ್ನೆದುರು ಕೂತು ನನ್ನದನ್ನು ತನ್ನದೆನ್ನುತ್ತಿದ್ದರು, ಜೊತೆಗೆ ನಿನ್ನ ಕೈಲಿ ಇದಾಗದು ಎಂದೂ ಹೇಳುತ್ತಿದ್ದರು. ನನಗೆ ಕೆನ್ನೆಗೆ ಹೊಡೆದಂತಾಯಿತು. ಅದೇ ಗಳಿಗೆಯಲ್ಲಿ ಜೀವನದಲ್ಲಿ ಎಂದೂ ಆಗದಷ್ಟು ಸಂತೋಷವೂ ಆಯಿತು. ಯಾವುದಕ್ಕೆ ಅಳು ಬಂತೋ ತಿಳಿಯಲಿಲ್ಲ. ಪಕ್ಕದ ಮನೆಯ ಯಂತ್ರ ಒಂದೇ ಸಮನೆ ತಿರುಗುತ್ತಿತ್ತು.

"ಹೌದು ಸಾರ್, ನಿಮ್ದೇ" ಎಂದೆ.

ಸರೋಜಮ್ಮ ಅನ್ನ ಬಡಿಸಿದರು. ಅಶ್ವತ್ಥಪ್ಪನವರು ಬಹಳ ದಿನಗಳ ಮೇಲೆ ಎರಡನೇ ಸಲ ಸಾರು ಹಾಕಿಸಿಕೊಂಡರಂತೆ. ಬಸ್ಸಿನವರೆಗೂ ಬಂದು ಬಿಟ್ಟುಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಎರಡು ತಿಂಗಳಿಗೆ, ಬೆಳಿಗ್ಗೆ ಪೇಪರು ಓದುತ್ತಾ ಕೂತವರು ಏಳಲಿಲ್ಲವೆಂದು ಸರೋಜಮ್ಮ ಫೋನು ಮಾಡಿದರು.

ಆ ಹುಣಸೆ ಹೂವಿನ ಅಂಚು ಈಗ ಊರಿನ ಅರ್ಧ ಮಗ್ಗಗಳ ಮೇಲಿದೆ. ಅಶ್ವತ್ಥಪ್ಪ ಸಾರ್ ಅಂಚು ಎಂದೇ ಕೇಳುತ್ತಾರೆ, ನಾನೂ ಹಾಗೆಂದೇ ಕೊಡುತ್ತೇನೆ. ಅದು ನನ್ನದೆಂದು ಈವರೆಗೆ ನಾನೂ ಹೇಳಿಲ್ಲ, ತಮ್ಮನಿಗೂ ಹೇಳಗೊಟ್ಟಿಲ್ಲ. ಇಲ್ಲಿ ಬರೆದಿದ್ದೇನೆ. ಅವರು ಇದ್ದಿದ್ದರೆ ಇದನ್ನೂ ಬರೆಯುತ್ತಿರಲಿಲ್ಲ.